ಟೇಕಡಿ ಸವರಿ ಕಾಡು ಹೂಗಿಡ ನೆಡುವ ಮುಂಚೆ ಒಂದ್ನಿಮಿಷ ಕೇಳಿ

ಅಕ್ಕಾವ್ರೆ, ನಿಮ್ಮ ಪೋಸ್ಟ್ ನೋಡಿದೆ. ಪುಣೆಯ ನಿಮ್ಮ ಸೊಸೈಟಿ ಹಿಂದಿನ ಟೇಕಡಿಯ, ಅಂದರೆ ಸಣ್ಣ ಗುಡ್ಡದ, ಕುರುಚಲು ಸವರಿ, ಜೂನ್ 5ರ ಪರಿಸರ ದಿನ ಐನೂರು ಕಾಡು ಹೂಗಿಡ ಒಟ್ಟಿಗೆ ನೆಡ್ತೀವಿ ಅಂದಿದ್ದೀರಿ. ಬೇಡ್ರೀ. ನಮ್ಮ ತಂಡವೂ ಹಿಂದೆ ಹೀಗೇ ಮಾಡಿ ಕೈ ಸುಟ್ಟುಕೊಂಡಿದೆ.

ತಾರೀಖು ನೋಡಿ ನೆಡುವ ಕಾಲ ಹೋಯಿತು. 2023ರಲ್ಲಿ ಮುಂಬೈಗೆ ಮುಂಗಾರು ಬಂದದ್ದು ಜೂನ್ 25ಕ್ಕೆ. 2025ರಲ್ಲಿ ಮೇ 26ಕ್ಕೇ ಮುಂಬೈ, ಪುಣೆ ಎರಡನ್ನೂ ಮುಟ್ಟಿತು. ಒಂದು ತಿಂಗಳಷ್ಟು ಹಿಂದೆಮುಂದೆ ಆಗುವಾಗ ಜೂನ್ 5 ನಂಬಿ ಏನು ಮಾಡ್ತೀರಿ? ಒಂದು ಮಳೆ ಬಿದ್ದು ಆಮೇಲೆ ಕೈಕೊಟ್ಟರೆ ಎಳೆ ಗಿಡ ಉಳಿಯಲ್ಲ. ಗೇಣುದ್ದ ಅಗೆದು ನೋಡಿ. ಕೆಳಗಿನ ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟಿದರೆ ಮಾತ್ರ ನೆಡಿ. ಅದೂ ಎರಡು ಮೂರು ಕಂತಿನಲ್ಲಿ. ಭಾಷಣ, ಫೋಟೋ ಬೇಕಾದರೆ 5ಕ್ಕೇ ಇಟ್ಟುಕೊಳ್ಳಿ.

ಇನ್ನು ಆ ಕುರುಚಲು. ಫೋಟೋದಲ್ಲಿ ಎಡಗಡೆ ಮುಳ್ಳು ಮೆಳೆ ಕಾಣ್ತಿದೆಯಲ್ಲ, ಅದು ಕವಳಿ, ಇಲ್ಲಿಯವರ ಕರವಂದ. ಅದನ್ನು ಕಡಿದರೆ ಕೆಲಸ ಅಲ್ಲಿಗೇ ಕೆಟ್ಟಿತು. ನಾನೀಗ ಗಿಡ ಇಡುವುದೇ ಕವಳಿ ಬುಡದಲ್ಲಿ. ಮೆಳೆಯ ಉತ್ತರ ಇಲ್ಲವೇ ಪೂರ್ವದ ಅಂಚು, ಮಧ್ಯಾಹ್ನದ ಮೇಲಿನ ಬಿಸಿಲು ತಾಗದ ಕಡೆ. ಮುಳ್ಳಿನ ಭಯಕ್ಕೆ ಆಡು ಅಷ್ಟು ಸುಲಭಕ್ಕೆ ಬಾಯಿ ಹಾಕಲ್ಲ. ಉದುರಿದ ಎಲೆ ಕೊಳೆತು ಮಣ್ಣು ಕಪ್ಪಗೆ, ಮೆತ್ತಗೆ ಆಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ಕೈ ಇಟ್ಟು ನೋಡಿ, ಎರಡಡಿ ಆಚೆ ಬಯಲಿನ ಕಲ್ಲು ಚುರ್ ಅನ್ನುತ್ತೆ, ಒಳಗೆ ಮಣ್ಣು ತಣ್ಣಗಿರುತ್ತೆ. ಕೊಂಬೆ ಎತ್ತಿ ಹಿಡಿಯಲು ಕವೆಗೋಲು ಬೇಕು, ತುಂಬು ತೋಳಿನ ಅಂಗಿ ಬೇಕು. ಮುರಿದ ಕೊಂಬೆಯ ಹಾಲು ಅಂಟಿದರೆ ಬಟ್ಟೆಯ ಕಲೆ ಹೋಗಲ್ಲ, ಹಳೇದು ಹಾಕಿಕೊಂಡು ಹೋಗಿ. ಸವರುಗತ್ತರಿ ಫಾಲ್ಕನ್ ಕಂಪನಿಯದು ಸಾಕು, ದುಬಾರಿದು ದಂಡ. ನೀರು ಹೀರಿ ಹಿಡಿದಿಡುವ ಹೈಡ್ರೋಜೆಲ್ ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಒಣ ಎಲೆ ಹೊದಿಸಿ.

ಕೆಂಪು ಹೂವಿನ ಕಾಡು ಪೊದೆ ಧಾಯಟಿಗೆ ಮಾತ್ರ ಈ ಉಪಾಯ ಬೇಡ, ಅದಕ್ಕೆ ಬಿಸಿಲು ಬೇಕು. ಬೀಜ ಹಿಟ್ಟಿನಷ್ಟು ನುಣ್ಣಗೆ. ಮರಳಲ್ಲಿ ಬೆರೆಸಿ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಆಯುರ್ವೇದದ ಅರಿಷ್ಟ ಔಷಧಿಗೆ ಅಂತ ಹೂ ಬಳಿದುಕೊಂಡು ಹೋಗುವವರಿದ್ದಾರೆ. ಒಂದಷ್ಟು ಗಿಡ ಬೀಜಕ್ಕೆ ಬಿಡಿ ಅಂತ ಅವರಿಗೂ ಹೇಳಿ.

ಬೀಜ ಎಲ್ಲಿಂದ ಅಂತ ಕೇಳಿದ್ದೀರಿ. ಪುಣೆಯ ಪಶ್ಚಿಮಕ್ಕಿರುವ ತಾಮ್ಹಿಣಿ ಘಾಟಿನದು ಬೇಡ, ಅಲ್ಲಿ ಮಳೆ ಪುಣೆಯ ಹಲವು ಪಟ್ಟು. ಮುಕ್ಕಾಲು ಪಾಲು ನಿಮ್ಮದೇ ಗುಡ್ಡದ್ದು, ಉಳಿದದ್ದು ಪುಣೆ ಹತ್ತಿರದ ಸಾಸವಡ ಕಡೆಯ ಒಣ ಗುಡ್ಡಗಳದ್ದು. ಒಂದೇ ಗಿಡದಿಂದ ಆರಿಸಬೇಡಿ, ಹತ್ತಾರು ಗಿಡದ್ದು ಬೆರೆಸಿ. ಸೆಕೆ ಏರಿದರೆ ಗಿಡ ಎತ್ತರಕ್ಕೆ ಸರಿಯುತ್ತೆ ಅಂತ ನಿಮ್ಮ ಪೋಸ್ಟ್ ಕೆಳಗೆ ಒಬ್ಬರು ಬರೆದಿದ್ದಾರೆ. ಸರಿ, ಆದರೆ ಪುಣೆ ಊರೊಳಗೆ ಎಲ್ಲಕ್ಕಿಂತ ಎತ್ತರ ಅಂದರೆ ವೇತಾಳ ಟೇಕಡಿ, ಅದೇ ಸುಮಾರು 800 ಮೀಟರ್. ಅದರಾಚೆ ಎಲ್ಲಿಗೆ ಸರಿದೀತು? ಅದಕ್ಕೇ ಉತ್ತರದ ಇಳಿಜಾರು, ನೀರು ಇಳಿಯುವ ಕೊರಕಲು ಇವನ್ನು ಮೊದಲು ಗುರುತು ಹಾಕಿ. ಗಿಡ ನೆಡುವುದು ಆಮೇಲೆ.

ಒಣಗಿದ ಕಾರ್ವಿ ಕಡಿದು ಹಾಕಿ, ಬೆಂಕಿ ಭಯ ಅಂತ ಕೆಳಗೆ ಸಲಹೆ ಬಂದಿದೆಯಲ್ಲ, ಅದನ್ನಂತೂ ಕೇಳಲೇಬೇಡಿ! ಕಾರ್ವಿ ಅಂದರೆ ಸಹ್ಯಾದ್ರಿಯ ಕಾಡು ಪೊದೆ, ಹೂ ಬಿಡೋದು 8 ವರ್ಷಕ್ಕೊಮ್ಮೆ. ಮುಂಬೈನ ಸಂಜಯ ಗಾಂಧಿ ಉದ್ಯಾನದಲ್ಲಿ 2016 ಆದಮೇಲೆ 2024ರಲ್ಲೇ ಬಿಟ್ಟಿದ್ದು. ಎಲ್ಲ ಕಡೆ ಅದೇ ವರ್ಷ ಅಲ್ಲ, ನಿಮ್ಮ ಗುಡ್ಡದ್ದು ಯಾವಾಗ ಬಿಟ್ಟಿತು ಅಂತ ಹಳಬರನ್ನು ವಿಚಾರಿಸಿ. ಹೂ ಮುಗಿದ ಗಿಡ ಸಾಯುತ್ತೆ, ಕಾಯಿ ಮಾತ್ರ ಒಣಗಿ ಮುಂದಿನ ಮುಂಗಾರಿನ ತನಕ ಅಲ್ಲೇ ಇರುತ್ತೆ. ಮೊದಲ ಮಳೆಗೆ ನೆನೆದು ಪಟಪಟ ಸಿಡಿದು ಬೀಜ ಚೆಲ್ಲುತ್ತೆ. ಅದಕ್ಕೆ ಮುಂಚೆ ಕಡಿದು ಸಾಗಿಸಿದರೆ ಮತ್ತೆ 8 ವರ್ಷ ಕಾಯಲೂ ಅಲ್ಲಿ ಗಿಡವೇ ಇರಲ್ಲ. ಬೆಂಕಿಗೆ ಹೆದರುವುದಾದರೆ ಜನವರಿಯಲ್ಲೇ ಅರಣ್ಯ ಇಲಾಖೆಯವರನ್ನು ಕೇಳಿ ಸುತ್ತ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಒಣಹುಲ್ಲು ಸವರಿದ ಪಟ್ಟಿ, ತೆಗೆಸಿ. ಜಾಗ ಅವರದ್ದಾಗಿದ್ದರೆ ಗಿಡ ನೆಡೋಕೂ ಅನುಮತಿ ಬೇಕು, ಗೊತ್ತಲ್ವಾ?

ಏನಾದರೂ ಕಡಿಯಲೇಬೇಕು ಅಂತ ಕೈ ತುರಿಸುತ್ತಿದ್ದರೆ ಹೊರನಾಡಿಂದ ಬಂದ ಕಳೆ ಪೊದೆ ಲಾಂಟಾನಾ ತೆಗೆಯಿರಿ. ಮಣ್ಣಿನಿಂದ 3-5 ಸೆಂ.ಮೀ. ಕೆಳಗೆ ತಾಯಿಬೇರು ಕತ್ತರಿಸಿ ಬುಡ ಮೇಲಾಗಿ ಒಣಗಲು ಬಿಡಿ. ಇಡೀ ಇಳಿಜಾರು ಒಟ್ಟಿಗೆ ಬೋಳಿಸಬೇಡಿ, ಮಣ್ಣು ಕೊಚ್ಚಿ ಹೋಗುತ್ತೆ. ಕಾಯಿ ಕಟ್ಟುವ ಮುಂಚೆ ಮಾಡಿದರೆ ಹಕ್ಕಿಗಳು ಬೀಜ ಹರಡೋದೂ ತಪ್ಪುತ್ತೆ.