ಆಪ್ತಸಲಹೆ ಪ್ರಕರಣ: ಎದೆಯಲ್ಲಿ ನಿಂತ ಹೊಸತೊಡಕಿನ ಬಾಡು

(ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಇವರನ್ನು ಭಾಗ್ಯ ಅಂತ ಕರೆಯೋಣ. ವಯಸ್ಸು 41. ಮಂಡ್ಯ ಕಡೆಯವರು, ಮನೆ ಮುಂದೆಯೇ ಟೈಲರಿಂಗ್ ಅಂಗಡಿ ಇದೆ. ಸಕ್ಕರೆ ಕಾಯಿಲೆ, ಮಂಡಿ ನೋವು ಎರಡೂ ಇದ್ದವು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಆಯಿತು. ಸ್ಲೀವ್ ಅಂತಾರಲ್ಲ, ಅದು. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ಅದರಲ್ಲಿ ಹಿಡಿಯೋದು 100ರಿಂದ 150 ಎಂ.ಎಲ್., ಹೆಚ್ಚುಕಡಿಮೆ ಒಂದು ಟೀ ಲೋಟ.

ನನ್ನ ಬಳಿ ಬಂದಿದ್ದು ಮೇ ತಿಂಗಳಲ್ಲಿ. ಜೊತೆಗೆ ಗಂಡ, ಅತ್ತೆ. ಚೀಟಿಯಲ್ಲಿ ಬರೆಸಿದ್ದ ಕಾರಣ: ಸುಸ್ತು, ಕೂದಲು ಉದುರುತ್ತಿದೆ, ತೂಕ ಇಳಿಯೋದು ನಿಂತಿದೆ. ಮಾತು ಶುರು ಮಾಡಿದ್ದು ಗಂಡ. "ಲಕ್ಷಗಟ್ಟಲೆ ಕೊಟ್ಟು ಆಪರೇಷನ್ ಮಾಡ್ಸಿದ್ದು ಮೇಡಂ. ಈಗ ನೋಡುದ್ರೆ ಟೀಗೆ ಬಿಸ್ಕತ್ ಅದ್ಕೊಂಡು ತಿಂತಾ ಕೂತವ್ಳೆ." ಭಾಗ್ಯ ತಲೆ ಎತ್ತಲಿಲ್ಲ. ಇಬ್ಬರನ್ನೂ ಹೊರಗೆ ಕೂರಿಸಿ ಬಾಗಿಲು ಹಾಕಿದೆ.

ನಡೆದದ್ದು ಇಷ್ಟು. ಯುಗಾದಿ ಮಾರನೇ ದಿನ ಅವರ ಕಡೆ ಹೊಸತೊಡಕು. ಆ ದಿನ ಬಾಡು ಬೇಯದ ಮನೆ ಇರೋದು ಕಮ್ಮಿ. ಆಪರೇಷನ್ ಆಗಿ ಮೂರು ತಿಂಗಳು ದಾಟಿತ್ತು. ಆಸ್ಪತ್ರೆಯ ಹಾಳೆಯಲ್ಲಿ '8 ವಾರದ ನಂತರ ಮಾಂಸ ತಿನ್ನಬಹುದು' ಅಂತಿತ್ತು. ಮನೆ ತುಂಬ ನೆಂಟರು. ಬೆಳಗ್ಗೆಯಿಂದ ಒಲೆ ಮುಂದೆ ನಿಂತಿದ್ದ ಭಾಗ್ಯ ಎಲ್ಲರಿಗೂ ಬಡಿಸಿ, ಮೂರೂವರೆಗೆ ಅಡುಗೆಮನೆಯ ನೆಲದ ಮೇಲೆ ಕೂತರು. ತಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಮುದ್ದೆ, ಮೂರು ತುಂಡು ಮಟನ್. ಮೂರನೇ ತುತ್ತು ಎದೆಯ ಮಧ್ಯೆ ನಿಂತುಬಿಟ್ಟಿತು. ಕಲ್ಲು ಇಟ್ಟ ಹಾಗೆ. ಬಾಯಲ್ಲಿ ಎಂಜಲು, ಗಂಜಿ ಉಕ್ಕಿದ ಹಾಗೆ ನೊರೆ ನೊರೆಯಾಗಿ ಬಂತು. ಕೆಳಗೆ ತಳ್ಳೋಣ ಅಂತ ಒಂದು ಚೊಂಬು ನೀರು ಕುಡಿದರು. ಅಲ್ಲಿಗೆ ಮುಗಿಯಿತು. ಕೊಳವೆಗೆ ಬೆಂಡು ಸಿಕ್ಕಿಕೊಂಡಾಗ ಮೇಲಿಂದ ನೀರು ಸುರಿದ ಹಾಗಾಯಿತು. ಒಂದು ಗಂಟೆ ಬಚ್ಚಲಲ್ಲಿ. ನೆಂಟರಲ್ಲಿ ಯಾರೋ ಹಾರ್ಟ್ ಅಟ್ಯಾಕ್ ಅಂದರು. ಇನ್ಯಾರೋ ಕಾರು ತೆಗೆದರು. ಅಷ್ಟರಲ್ಲಿ ವಾಂತಿಯಾಗಿ ತುಂಡು ಹೊರಗೆ ಬಂತು.

ಅವತ್ತಿನಿಂದ ಬಾಡು ಬಿಟ್ಟರು. ಮುಂದಿನ ವಾರ ಮೊಟ್ಟೆಯನ್ನೂ ಬಿಟ್ಟರು. ಆಮೇಲೆ ಬೇಯಿಸಿದ ಕಾಳು. ಕೊನೆಗೆ ಉಳಿದಿದ್ದು ಟೀ, ಬಿಸ್ಕತ್ತು, ಕೋಡುಬಳೆ, ಖಾರಾಬೂಂದಿ, ತಿಳಿ ಸಾರು. ಪುಡಿಯಾಗಿ ಕರಗಿ ಜಾರಿಹೋಗುವ ಪದಾರ್ಥಗಳೇ ಎಲ್ಲ. ಎಲ್ಲೂ ಸಿಕ್ಕಿಕೊಳ್ಳಲ್ಲ, ಹೊಟ್ಟೆಯೂ ತುಂಬಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕಾದವರಿಗೆ, ನಾವಿಬ್ಬರೂ ಕೂತು ಲೆಕ್ಕ ಹಾಕಿದಾಗ ಸಿಗುತ್ತಿದ್ದದ್ದು 20-25 ಗ್ರಾಂ. ತೂಕ ಬೇಗ ಇಳಿದ ಎಷ್ಟೋ ಜನರಿಗೆ ಮೂರರಿಂದ ಆರನೇ ತಿಂಗಳವರೆಗೆ ಹೇಗೂ ಕೂದಲು ಉದುರುತ್ತದೆ. ಪ್ರೋಟೀನೂ ಇಲ್ಲದಿದ್ದರೆ ಇನ್ನೂ ಜಾಸ್ತಿ. ಅವರು ಆ ತಲೆಗೆ ಎಣ್ಣೆ ಹಚ್ಚುತ್ತಿದ್ದರು.

ಇಂಥವರು ಬಂದಾಗ ಮೊದಲು ಕೇಳುವುದು ಒಂದೇ: ನೀರು ಇಳಿಯುತ್ತಾ? ಗಂಜಿ, ಮೊಸರು ಇಳಿಯುತ್ತಾ? ಅವೂ ನಿಲ್ಲುತ್ತಿದ್ದರೆ ಒಳಗೆ ಕೊಳವೆ ಕಿರಿದಾಗಿರಬಹುದು. ಅದಕ್ಕೆ ಸರ್ಜನ್ ಬೇಕು, ನನ್ನ ಮಾತು ಬೇಡ. ವಾಂತಿ ಎರಡು ದಿನ ಮೀರಿ ಮುಂದುವರಿದರೂ ಅಷ್ಟೇ. ಬಿ1 ಜೀವಸತ್ವ ಬೇಗ ಖಾಲಿಯಾಗಿ ನರಗಳಿಗೆ, ಮೆದುಳಿಗೆ ಪೆಟ್ಟು ಬೀಳಬಹುದು. ಕಾಯುತ್ತ ಕೂರಬಾರದು. ಭಾಗ್ಯ ಅವರಿಗೆ ದ್ರವ, ಮೆತ್ತನೆಯದು ಎಲ್ಲ ಸಲೀಸಾಗಿ ಇಳಿಯುತ್ತಿತ್ತು. ಸರ್ಜನ್ ಕೂಡ ನೋಡಿ, ಒಳಗೆ ಏನೂ ತೊಂದರೆ ಇಲ್ಲ ಅಂದರು. ರಕ್ತದಲ್ಲಿ ಕಬ್ಬಿಣ, ಬಿ12 ಕಡಿಮೆ ಇತ್ತು. ಅದಕ್ಕೆ ಮಾತ್ರೆ, ಇಂಜೆಕ್ಷನ್ ಬರೆದರು.

ಎರಡನೇ ಭೇಟಿಗೆ ಒಂದು ಬೇಯಿಸಿದ ಮೊಟ್ಟೆ ತರಲು ಹೇಳಿದ್ದೆ. ನನ್ನ ಮುಂದೆಯೇ ತಿನ್ನಿ ಅಂದೆ. ನಾಚಿಕೊಂಡರು. ಆಮೇಲೆ ತಿಂದರು. ನಾನು ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಹೆಬ್ಬೆರಳು ಮೊಟ್ಟೆಯ ಚೂರನ್ನು ಒತ್ತಿ, ಉರುಟಾಗಿಸಿ, ಉಪ್ಪಿನಲ್ಲಿ ಹೊರಳಿಸಿ ಬಾಯಿಗೆ ಹಾಕಿತು. ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ದವಡೆ ಅಲ್ಲಾಡಲೇ ಇಲ್ಲ.

"ಅಗಿಯೋದು ಎಲ್ಲಿ ಭಾಗ್ಯ?" ಅಂದೆ.

ನಕ್ಕುಬಿಟ್ಟರು. "ಚಿಕ್ಕೋಳಿದ್ದಾಗ ಮುದ್ದೆ ಅಗಿದ್ರೆ ನಮ್ಮಪ್ಪ ಬೈತಿದ್ರು ಮೇಡಂ."

ನನಗೆ ಅಲ್ಲಿ ಹೊಳೆಯಿತು. ಮುದ್ದೆಯನ್ನು ಅಗಿಯಲ್ಲ, ನುಂಗುತ್ತೇವೆ. ನಲವತ್ತು ವರ್ಷ ನುಂಗಿದ ಗಂಟಲು ಅದು. ಜೊತೆಗೆ ಎಲ್ಲರದ್ದೂ ಆದ ಮೇಲೆ, ಒಬ್ಬರೇ ಕೂತು, ಐದು ನಿಮಿಷದಲ್ಲಿ ಊಟ ಮುಗಿಸಿ ಪಾತ್ರೆಗೆ ಕೈ ಹಾಕುವ ಅಭ್ಯಾಸ. ನಾವು ಕೊಡುವ ಹಾಳೆಯಲ್ಲೂ '30 ಸಲ ಅಗಿಯಿರಿ' ಅಂತ ಇರುತ್ತದೆ. ಅದರ ಪಕ್ಕದಲ್ಲಿ ಗ್ರಿಲ್ ಮಾಡಿದ ಚಿಕನ್ನಿನ ಚಿತ್ರ. ಮುದ್ದೆ ಉಣ್ಣುವವರಿಗೆ ಅದು ಎಷ್ಟು ದೂರದ ಮಾತು ಅಂತ ಇಷ್ಟು ವರ್ಷದಲ್ಲಿ ನಾನು ಯೋಚಿಸಿರಲಿಲ್ಲ.

ಅದೇ ದಿನ ಅತ್ತೆಯನ್ನೂ ಒಳಗೆ ಕರೆದೆ. ಅವರಿಗೂ ಹೇಳಲು ಬಹಳ ಇತ್ತು. "ಬರೀ ಬೇಳೆ ಕಟ್ಟು ಕುಡ್ಕೊಂಡು ಎಷ್ಟು ದಿನ ಅಂತ ಇದ್ದಾಳವ್ವ? ಕಾಲು ಸೂಪ್ ಮಾಡ್ಕೊಟ್ಟೆ, ಅದ್ನೂ ಅರ್ಧ ಬಿಟ್ಟವ್ಳೆ. ತೊಡೆ ಪೀಸ್ ಇವಳಿಗೇ ಅಂತ ಎತ್ತಿಟ್ಟಿರ್ತೀನಿ." ಕಾಲು ಸೂಪಿನಿಂದ ಶಕ್ತಿ ಬರುತ್ತದೆ ಅನ್ನೋದು ನಮ್ಮಲ್ಲಿ ಗಟ್ಟಿ ನಂಬಿಕೆ. ಬೆಚ್ಚಗೆ, ಹಿತವಾಗಿ ಇರೋದು ನಿಜ. ಆದರೆ ಅದರಲ್ಲಿರುವ ಅಂಟಿನ ಪ್ರೋಟೀನ್ ಅಪೂರ್ಣ, ಜಿಡ್ಡು ಬೇರೆ. ಅದನ್ನು ನೆಚ್ಚಿಕೊಂಡರೆ ಲೆಕ್ಕ ತುಂಬಲ್ಲ. ಇದನ್ನು ಮೆಲ್ಲಗೆ ಹೇಳಿದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ.

ಮಾಂಸವನ್ನು ಸಣ್ಣಗೆ ಕೊಚ್ಚಿ, ರಸದಲ್ಲಿ ತೋಯಿಸಿ ಕೊಡಬೇಕು ಅಂದಾಗ ಮಾತ್ರ ತಟ್ಟನೆ ಕಿವಿ ಕೊಟ್ಟರು. "ಅದೇನ್ ಮಹಾ? ಇವಳ ಮಾವನಿಗೆ ಕೊನೆಗೆ ಒಂದೂ ಹಲ್ಲಿರ್ಲಿಲ್ಲ. ಬಾಡು ಚೆಂದಾಗಿ ಬೇಯ್ಸಿ ಒಳಕಲ್ಲಲ್ಲಿ ಕುಟ್ಟಿ, ಸಾರು ಕಲ್ಸಿ ಕೊಡ್ತಿದ್ದೆ. ಎರಡು ವರ್ಷ ಅದನ್ನೇ ತಿಂದ್ರು." ನನ್ನ ಹಾಳೆಯಲ್ಲಿ ಮೂರನೇ ಹಂತ ಅಂತ ಬರೆದಿರುವ ಈ ಮೆತ್ತನೆಯ ಊಟ ಆ ಮನೆಯಲ್ಲಿ ಮೊದಲೇ ನಡೆದಿತ್ತು.

ಹಾಗಾಗಿ ಸಲಹೆಯನ್ನು ಮೂವರೂ ಸೇರಿ ಮಾಡಿದೆವು. ಮೊದಲ ವಾರ ಬರೀ ಮೊಟ್ಟೆ. ಒಣಗಿಸದೆ, ಹಾಲು ಹಾಕಿ ಮೆತ್ತಗೆ ಕದಡಿದ್ದು. ಒಂದು ಮೊಟ್ಟೆಗೆ 6 ಗ್ರಾಂ ಪ್ರೋಟೀನ್. ಅದು ಹೊಟ್ಟೆಯಲ್ಲಿ ಕೂತರೆ ಮೀನು. ಹುರಿದದ್ದಲ್ಲ, ಸಾರಿನಲ್ಲಿ ಬೆಂದದ್ದು. ಅವರಲ್ಲಿ ಜಿಲೇಬಿ ಮೀನು ಸಿಗುತ್ತದೆ. ಮುಳ್ಳು ತೆಗೆಯುವ ಕೆಲಸ ಗಂಡನಿಗೆ. ಮಾಂಸಗಳಲ್ಲಿ ಮೀನಿನ ಎಳೆ ತುಂಬ ಗಿಡ್ಡ, ಬೆರಳಲ್ಲಿ ಒತ್ತಿದರೆ ಬಿಡಿಸಿಕೊಳ್ಳುತ್ತದೆ. ಅದರ ನಂತರ ಚಿಕನ್. ಎದೆ ಭಾಗ ಒಳ್ಳೆಯದು ಅಂತ ಎಲ್ಲರೂ ಹೇಳ್ತಾರೆ, ಆದರೆ ಅದು ಹತ್ತಿಯ ಹಾಗೆ ಒಣಗುತ್ತದೆ. ತೊಡೆಯೇ ವಾಸಿ, ಅದೂ ಕುಟ್ಟಿದ್ದು ಅಥವಾ ಕೈಮಾ ಉಂಡೆ ಮಾಡಿ ಸಾರಿಗೆ ಬಿಟ್ಟದ್ದು. ಮಟನ್ ಆಮೇಲೆ. ನಾಟಿ ಕೋಳಿ ಕಟ್ಟಕಡೆಗೆ. ರುಚಿ ಹೌದು, ಆದರೆ ಎಳೆ ಗಟ್ಟಿ. ಬೆಳಗಿನದ್ದನ್ನು ರಾತ್ರಿ ಬಿಸಿ ಮಾಡಿದ ಮಾಂಸ ಯಾವುದೂ ಬೇಡ. ಮತ್ತೆ ಕಾಯಿಸಿದಷ್ಟೂ ಬಿರುಸಾಗುತ್ತದೆ.

ಒಂದು ಸಲಕ್ಕೆ ಎರಡು ದೊಡ್ಡ ಚಮಚ, ಸುಮಾರು 30 ಗ್ರಾಂ. ಅಷ್ಟರಲ್ಲೇ 7-8 ಗ್ರಾಂ ಪ್ರೋಟೀನ್ ಇದೆ. ಹೊಸದನ್ನು ತಿನ್ನುವುದು ಹಗಲು, ಮನೆಯಲ್ಲಿ, ನೆಂಟರಿಲ್ಲದ ದಿನ. ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಮೂರು ದಿನ ಬಿಡುವುದು. ತಟ್ಟೆಯಲ್ಲಿ ಮಾಂಸ ಇದ್ದ ಹೊತ್ತು ಮುದ್ದೆ ಬೇಡ. ಅಂಟಿಕೊಂಡು ಜಾಗ ತುಂಬುತ್ತದೆ, ನುಂಗುವ ನೆನಪನ್ನೂ ಎಬ್ಬಿಸುತ್ತದೆ. ರಾಗಿ ಬೇಕೇ ಬೇಕು ಅನ್ನಿಸಿದರೆ ಸಂಜೆಗೆ ಅಂಬಲಿ. ಊಟದ ಜೊತೆ ನೀರು ಇಲ್ಲ, ಮುಗಿದು ಅರ್ಧ ಗಂಟೆ ಆದ ಮೇಲೆ.

ಕೈಯಲ್ಲಿ ತಿಂದರೆ ಬೆರಳು ತಾನಾಗಿ ಉಂಡೆ ಕಟ್ಟುತ್ತದೆ. ಅದಕ್ಕೆ ಮಗುವಿನ ಚಮಚ ಕೊಟ್ಟೆ. ಒಂದು ತುತ್ತು ಹಾಕಿ ಚಮಚ ಕೆಳಗಿಡಬೇಕು. ಎಣಿಸುವುದು ಅವರಿಗೆ ಬೇಜಾರು. "ಬ್ಲೌಸಿಗೆ ಒಂದು ಹುಕ್ ಹೊಲಿಯೋ ಹೊತ್ತು ಅಗಿತೀನಿ ಬಿಡಿ" ಅಂದರು. ಅದೇ ಅಳತೆ ಇಟ್ಟುಕೊಂಡೆವು.

ನಿಲ್ಲಿಸಬೇಕಾದ ಹೊತ್ತನ್ನು ದೇಹವೇ ಹೇಳುತ್ತದೆ. ಬಿಕ್ಕಳಿಕೆ, ಸೀನು, ಮೂಗು ಸೋರುವುದು, ಎದೆ ಬಿಗಿ. ಇವುಗಳಲ್ಲಿ ಒಂದು ಬಂದರೂ ತಟ್ಟೆ ಸರಿಸಬೇಕು, ಇನ್ನೊಂದು ತುತ್ತು ಇದ್ದರೂ. ಅಷ್ಟಾಗಿಯೂ ಸಿಕ್ಕಿಕೊಂಡರೆ ಎದ್ದು ಓಡಾಡಬೇಕು. ನೀರು ಬೇಡ, ಸೋಡಾ ಅಂತೂ ಬೇಡವೇ ಬೇಡ. ಎಂಜಲೂ ನುಂಗಲಾಗದೆ ಹಾಗೇ ಮುಂದುವರಿದರೆ ಅಥವಾ ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆ.

ಇನ್ನೊಂದು ಮಾತನ್ನು ಭಾಗ್ಯ ಒಬ್ಬರಿಗೇ ಹೇಳಿದೆ. ಬಾಡು ತಿನ್ನಲೇಬೇಕು ಅಂತೇನಿಲ್ಲ. ಬೇಕಿರುವುದು ಪ್ರೋಟೀನ್. ಪನೀರ್, ಸೋಯಾ, ಮೊಸರು, ಪ್ರೋಟೀನ್ ಪುಡಿಯಲ್ಲೂ ಲೆಕ್ಕ ತುಂಬಿಸಬಹುದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಬ್ಬದ ದಿನ ಎಲ್ಲರ ತಟ್ಟೆನಲ್ಲಿ ಇದ್ದು ನನ್ನ ತಟ್ಟೆನಲ್ಲಿ ಇಲ್ಲ ಅಂದ್ರೆ ಕಾಯಿಲೆಯವ್ಳ ಥರ ನೋಡ್ತಾರೆ ಮೇಡಂ" ಅಂದರು. ಆ ಕಾರಣಕ್ಕೆ ಎದುರು ಮಾತಾಡಲಿಲ್ಲ. ಬದಲಿಗೆ, ಇನ್ನು ಮುಂದೆ ಮೊದಲ ಪಂಕ್ತಿಯಲ್ಲೇ ಕೂರಬೇಕು ಅಂದೆ. ಅರ್ಧ ಗಂಟೆ ಯಾರಾದರೂ ಬಡಿಸಲಿ. ಇದಕ್ಕೆ ಗಂಡ ಹೂಂ ಅಂದರು, ಅತ್ತೆ ಮಾತಾಡಲಿಲ್ಲ.

ಮೊಟ್ಟೆ ಎರಡನೇ ದಿನವೇ ಕೂತಿತು. ಮೀನೂ ಆಯಿತು. ಚಿಕನ್ ಮೊದಲ ಸಲ ವಾಪಸ್ ಬಂತು. ಅಂಗಡಿಗೆ ಗಿರಾಕಿ ಬಂದರು ಅಂತ ಅವಸರದಲ್ಲಿ ತಿಂದಿದ್ದರಂತೆ. ಹದಿನೈದು ದಿನ ಬಿಟ್ಟು ಮತ್ತೆ ಶುರು ಮಾಡಿದರು. ಆಗಸ್ಟಿನ ಹೊತ್ತಿಗೆ ಪ್ರೋಟೀನ್ ದಿನಕ್ಕೆ 55-60 ಗ್ರಾಂ ಮುಟ್ಟಿತ್ತು. ಬಿಸ್ಕತ್ತು ಪೂರ್ತಿ ಹೋಗಿಲ್ಲ, ನಾನೂ ಜಗ್ಗಾಡಲಿಲ್ಲ. ಮಟನ್ ತುಂಡು ಇವತ್ತಿಗೂ ಆಗಲ್ಲ. ಅದರ ವಾಸನೆಯೇ ಮೊದಲಿನ ಹಾಗೆ ಹಿಡಿಸಲ್ಲ ಅಂತಾರೆ. ಆಪರೇಷನ್ ಆದ ಎಷ್ಟೋ ಜನ ಇದೇ ಹೇಳುತ್ತಾರೆ.

ಪಿತೃಪಕ್ಷದ ಮಾರನೇ ದಿನ ಫೋನ್ ಮಾಡಿದ್ದರು. ಅತ್ತೆ ಒಳಕಲ್ಲು ತೊಳೆದು ಕೋಳಿ ಬಾಡು ಕುಟ್ಟಿ, ಒಂದು ಪಾಲು ಮಾವನ ಎಡೆಗೆ, ಒಂದು ಪಾಲು ಸೊಸೆಗೆ ಇಟ್ಟಿದ್ದರಂತೆ. ಎಷ್ಟು ತಿಂದಿರಿ ಅಂದೆ. "ಮೂರು ಚಮಚ. ಇಪ್ಪತ್ತೆರಡು ನಿಮಿಷ ಆಯ್ತು, ಅತ್ತೆನೇ ಗಡಿಯಾರ ನೋಡ್ತಿದ್ರು." ಬಿ12 ಇಂಜೆಕ್ಷನ್ ಯಾವತ್ತು ಅಂತ ಇನ್ನೊಮ್ಮೆ ಕೇಳಿಕೊಂಡು ಫೋನ್ ಇಟ್ಟರು.