ಮಗುವಿನ ಮೇಲೆ ಬಿಸಿ ಚಹಾ ಚೆಲ್ಲಿದರೆ ಹೆತ್ತವರು ಗಾಬರಿಯಲ್ಲಿ ಏನು ಮಾಡಬೇಕು?
ಮೊದಲು ನಲ್ಲಿ ತಿರುಗಿಸಿ ನೀರು ಬಿಡಿ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಮಗು ಕೊಸರಾಡಿತೆಂದು ಎರಡೇ ನಿಮಿಷಕ್ಕೆ ಬಿಡಬೇಡಿ, ಚರ್ಮದ ಒಳಪದರದಲ್ಲಿ ಬಿಸಿ ಇನ್ನೂ ಇರುತ್ತದೆ. ಅಷ್ಟರಲ್ಲಿ ಒದ್ದೆ ಬಟ್ಟೆ, ಬಳೆ, ಉಡಿದಾರ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ. ಡೈಪರ್ ಮರೆಯಬೇಡಿ, ಅದು ಬಿಸಿಯನ್ನು ಹೀರಿಟ್ಟುಕೊಂಡಿರುತ್ತದೆ. ಉಳಿದ ಮೈ ಟವೆಲಿನಲ್ಲಿ ಬೆಚ್ಚಗಿರಲಿ.

ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ, ಮನೆಯ ಹಿರಿಯರು ಒತ್ತಾಯಿಸಿದರೂ ಬೇಡ. ಹಚ್ಚಿದ್ದನ್ನು ಆಸ್ಪತ್ರೆಯಲ್ಲಿ ಒರೆಸಿ ತೆಗೆಯುವಾಗ ಮಗುವಿಗೆ ಮತ್ತೆ ನೋವು. ಶುಭ್ರ ಹತ್ತಿ ಬಟ್ಟೆಯಿಂದ ಗಾಯವನ್ನು ಸಡಿಲವಾಗಿ ಮುಚ್ಚಿ. ಬೊಬ್ಬೆ ಎದ್ದರೆ, ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಗುಪ್ತಾಂಗ ಸುಟ್ಟಿದ್ದರೆ, ಅಥವಾ ವರ್ಷದೊಳಗಿನ ಕೂಸಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ; ಆಂಬುಲೆನ್ಸಿಗೆ 108.

ನಿಮ್ಮ ಕೈ ನಡುಗುವುದು ಸಹಜ. ಉಸಿರನ್ನು ನಿಧಾನವಾಗಿ ಹೊರಬಿಟ್ಟು, ತಗ್ಗಿದ ದನಿಯಲ್ಲಿ ಮಾತಾಡುತ್ತಿರಿ: "ನೀರು ಬಿಡ್ತಾ ಇದೀನಿ ಕಂದಾ, ಇಲ್ಲೇ ಇದೀನಿ." "ಯಾರು ನೋಡ್ಕೋತಿದ್ರಿ?" ಎಂಬ ಜಗಳ ಮಗುವಿನೆದುರು ಖಂಡಿತ ಬೇಡ. ಆ ಗಳಿಗೆ ಕಣ್ಣಿಗೆ ಕಟ್ಟಿ ಕೆಲವು ರಾತ್ರಿ ನಿದ್ದೆ ಕೆಡಬಹುದು. ಒಂದು ತಿಂಗಳಾದರೂ ತಗ್ಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.