ಸೋರೋ ಮಾಳಿಗಿ ಮ್ಯಾಲೆ ಮತ್ತ ಮಣ್ಣು ಸುರುವಬ್ಯಾಡ್ರಿ, ಮೊದ್ಲು ಇಳಸ್ರಿ

ಹಳೆ ದನದ ಮನಿ ಮಣ್ಣಿನ ಮಾಳಿಗಿ (ಛಾವಣಿ) ಸೋರ್ತೈತಿ, ಗೆಳೆಯರು ನಾಕು ಮಂದಿ ಬರ್ತೀವಿ ಅಂದಾರ, ಮ್ಯಾಲೆ ಮಣ್ಣು ಹಾಕಿದ್ರ ಸಾಕೋ ಇಲ್ಲಾ ಎಲ್ಲಾ ಕಿತ್ತು ಪತ್ರಾಸ್ (ತಗಡು) ಹಾಕ್ಸಬೇಕೋ ಅಂತ ಕೇಳೀರಿ. ಎರಡೂ ಬ್ಯಾಡ್ರಿ. ಮೊದ್ಲು ಇರೋ ಮಣ್ಣು ಇಳಸ್ರಿ. ಹೋದ ವರ್ಷ ಕುಷ್ಟಗಿ ಕಡೆ ನಮ್ಮ ದನದ ಮನಿ ರಿಪೇರಿ ಮಾಡುವಾಗ ಕಾಲು ಸಿಗಿಬಿದ್ದ ಮ್ಯಾಲೆ ಬಂದ ಬುದ್ಧಿ ಇದು, ಕಾಲು ನಂದಲ್ಲ, ಗೆಳೆಯಂದು.

ಏನಾಗಿತ್ತಂದ್ರ, ಅಜ್ಜನ ಕಾಲದಿಂದ ಸೋರಿದಾಗೊಮ್ಮೆ ನಾಕು ಬುಟ್ಟಿ ಮಣ್ಣು ತಂದು ಸುರುವೋದು, ಹಳೇದು ಯಾರೂ ತಗಿಯಂಗಿಲ್ಲ, ನಾವು ಸಲಿಕಿ ಹಾಕಿ ನೋಡಿದ್ರ ಒಂದಡಿ ದಪ್ಪ ಕುಂತಿತ್ತು. ಒಂದಡಿ ದಪ್ಪ ಮಣ್ಣು ಅಂದ್ರ ಚದರಡಿಗೆ ಹತ್ರ ಹತ್ರ 45 ಕೆಜಿ, 12 ಬೈ 20 ಮಾಳಿಗಿಗೆ ಲೆಕ್ಕ ಹಾಕಿದ್ರ ಹತ್ತು ಟನ್ ದಾಟ್ತೈತಿ, ಅದೂ ಒಣ ಮಣ್ಣಿಂದು, ಮಳಿ ನೀರು ಕುಡದ್ರ ಕೇಳಲೇಬ್ಯಾಡ್ರಿ. ಕೆಳಗ ಮಾಳಿಗಿ ಹೊತ್ತ ಕಟಗಿ ಜಂತಿಗೆ ಒರಲಿ (ಗೆದ್ದಲು) ಹತ್ತಿತ್ತು, ನಮಗ ಗೊತ್ತಿಲ್ಲ. ಗೆಳೆಯ ಎರಡು ಜಂತಿ ನಡುವ ನಿಂತು ಸಲಿಕಿ ಹೊಡದ, ಲಟಕ್ ಅಂತು, ತೊಡಿ ಮಟ ಒಳಗ ಹೋದ. ಕೆಳಗ ಎಮ್ಮಿ ಹಂಗ ಕಟ್ಟಿದ್ವಿ (ಅದು ನಮ್ದ ತಪ್ಪು, ದನ ಮೊದ್ಲು ಹೊರಗ ಕಟ್ರಿ), ಅದು ಕಣಿಕಿ ತಿನ್ನೋದು ಬಿಟ್ಟು ಜೋತಾಡೋ ಕಾಲು ನೋಡ್ಕೊಂತ ನಿಂತಿತ್ತು. ಪುಣ್ಯಾಕ್ಕ ಬರೇ ತರಚಿತ್ತು.

ಅದಕ್ಕ ಮ್ಯಾಲೆ ಹತ್ತೋಕ್ಕಿಂತ ಮೊದ್ಲು ಒಳಗ ನಿಂತು ಒಂದೊಂದು ಜಂತಿಗೂ ಕಬ್ಬಿಣದ ಸಳಿ ಚುಚ್ಚಿ ನೋಡ್ರಿ, ಮೆತ್ತಗ ಇಳದ್ರ ಆ ಜಂತಿ ಹೋದಂಗ. ಗೋಡಿ ಕೂಡೋ ಮೂಲಿ, ದೋಣಿ (ಮಾಳಿಗಿ ನೀರು ಹೊರಗ ಬೀಳೋ ಕೊಳವಿ) ಮಗ್ಗಲು, ಇಲಿ ಬಿಲ, ಸೋರೋದು ಬಹಳ ಸಲ ಇಲ್ಲೇ. ನಾವು ಮೂರು ಜಂತಿ ತಗದು ಬೇವಿಂದು ಹಾಕಿದ್ವಿ, ಬೇವಿಗೆ ಒರಲಿ ಲಗೂ ಹತ್ತಂಗಿಲ್ಲ. ಮ್ಯಾಲೆ ಸೀಳಿದ ಕಟಗಿ, ಅದರ ಮ್ಯಾಲೆ ಬಂದರಿಕಿ ಸೊಪ್ಪು ದಪ್ಪಗ, ಆಮೇಲೆ ಮಸಾರಿ (ಕೆಂಪು) ಮಣ್ಣು ಕಲಸಿ ಹಾಕಿ ಧಮ್ಮಸ್ ಮಾಡಿ, ಕೊನಿಗೆ ಸವಳು ಮಣ್ಣು. ಒಟ್ಟು ಆರಿಂಚು ಸಾಕು. ಎರಿ (ಕಪ್ಪು) ಮಣ್ಣು ಮಾತ್ರ ಹಾಕಲೇಬ್ಯಾಡ್ರಿ, ಬ್ಯಾಸಿಗ್ಯಾಗ ಬೆರಳು ಹೋಗೋವಷ್ಟು ಬಿರಕು ಬಿಡ್ತೈತಿ.

ಸವಳು ಮಣ್ಣೇ ಯಾಕಂದ್ರ ಅದರಾಗ ಸೋಡಿಯಂ ಜಾಸ್ತಿ, ನೀರು ಬಿದ್ಕೂಡ್ಲೆ ಸಣ್ಣ ಕಣ ಬಿಡಿಬಿಡಿ ಆಗಿ ತೂತೆಲ್ಲಾ ಮುಚ್ಕೊಂಡ್ಬಿಡ್ತಾವ, ನೀರು ಇಳಿಯಂಗಿಲ್ಲ. ಹೊಲದಾಗ ಇದ್ರ ರೈತ ಬಾಯಿ ಬಡ್ಕೊಂತಾನ, ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಾಗ ಇದನ್ನ ಸರಿ ಮಾಡೋದು ಹೆಂಗ ಅಂತ ಸಂಶೋಧನೆ ಮಾಡ್ತಾರ, ನಾವು ನೋಡಿದ್ರ ಟ್ರ್ಯಾಕ್ಟರ್ ತಗೊಂಡು ಅದನ್ನೇ ಹುಡಿಕ್ಕೊಂತ ಹೋಗ್ತೀವಿ. ತುಂಗಭದ್ರಾ ಕಾಲುವಿ ಕಡೆ ಸವಳಾದ ಹೊಲ ಬೇಕಾದಷ್ಟು ಅದಾವ, ಹೊಲದವರನ್ನ ಕೇಳಿ ತಗೋರಿ.

ಪತ್ರಾಸ್ ಯಾಕ ಬ್ಯಾಡ ಅಂದೆ ಅಂದ್ರ ನಮ್ಮ ಕಡೆ ಬ್ಯಾಸಿಗಿ 40 ಡಿಗ್ರಿ ದಾಟ್ತೈತಿ, ತಗಡಿನ ಕೆಳಗ ದನ ಮಧ್ಯಾಹ್ನ ನಾಲಿಗಿ ಹೊರಗ ಹಾಕ್ತಾವ. ಮೇವಿಗೆ ಬೇಕಾದ್ರ ಹಿತ್ತಲದಾಗ ಹಾಕ್ಸ್ಕೋರಿ.

ಖರ್ಚು ಅಂದ್ರ ಟ್ರ್ಯಾಕ್ಟರ್ ಬಾಡಿಗಿ, ಡೀಸೆಲ್, ಮತ್ತ ಎರಡು ದಿನ ಮುಂಜಾನೆ ವಗ್ಗರಣಿ ಮಿರ್ಚಿ. ಕೂಲಿ ಕೊಡಾಕ ಹೋದ್ರ ಗೆಳೆಯರು ಬೈದ್ರು, ಮುಯ್ಯಾಳು ಲೆಕ್ಕ, ಕೂಲಿ ಬದ್ಲಿ ನೀ ನಮ್ಮ ಕೆಲಸಕ್ಕ ಬಾ ಅಂದ್ರು, ಅದು ಕೂಲಿಗಿಂತ ತುಟ್ಟಿ ಬಿತ್ತು ಅಂತ ಅವರ ತೊಗರಿ ಕೊಯ್ಲಿಗೆ ಹೋದಾಗ ಗೊತ್ತಾತು.

ರೋಹಿಣಿ ಮಳಿಗಿಂತ ಮೊದ್ಲ ಮುಗಸ್ರಿ. ಮತ್ತ ನಾಕು ಬುಟ್ಟಿ ಸವಳು ಮಣ್ಣು ಮೂಲ್ಯಾಗ ಉಳಿಸಿಡ್ರಿ, ಮೊದಲ ಮಳಿ ಬಿದ್ದಾಗ ಬ್ಯಾಟರಿ ಹಿಡ್ಕೊಂಡು ಒಳಗ ನಿಂತು ನೋಡ್ರಿ, ನಮ್ದು ದೋಣಿ ಮಗ್ಗಲು ಇನ್ನೂ ಹನಿತಿತ್ತು, ಮಳಿ ನಿಂತ ಮ್ಯಾಲೆ ಹತ್ತಿ ಒಂದು ಬುಟ್ಟಿ ಮೆತ್ತಿ ಇಳದೆ.